ಕ್ಯಾನ್ವಾಸಿನ ಬೆನ್ನು

ಕಲಾವಿದರೊಬ್ಬರು ಈ ವೃತ್ತಿಯಲ್ಲಿ ಎಷ್ಟು ಕಾಲ ನಿಲ್ಲಬಲ್ಲರು ಎಂದು ತಿಳಿಯಬೇಕಾದರೆ ಅವರ ಚಿತ್ರವನ್ನು ಗೋಡೆಯಿಂದ ಇಳಿಸಿ ತಿರುಗಿಸಿ ನೋಡಬೇಕು. ಬಟ್ಟೆಯನ್ನು ಎಳೆದು ಪಿನ್ನು ಹೊಡೆದಿರುವ ರೀತಿ ಕಾಣುತ್ತದೆ. ಮೂಲೆಗಳಲ್ಲಿ ಸಡಿಲವಾದ ಬಟ್ಟೆಯನ್ನು ಮತ್ತೆ ಬಿಗಿಮಾಡುವ ಮರದ ಸಣ್ಣ ಬೆಣೆಗಳಿವೆಯೋ, ಇಲ್ಲ ಚೌಕಟ್ಟನ್ನೇ ಮೊಳೆ ಹೊಡೆದು ಬಿಗಿದುಬಿಟ್ಟಿದ್ದಾರೋ ಗೊತ್ತಾಗುತ್ತದೆ. ಚೌಕಟ್ಟಿನ ಮರದ ಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ಇಸವಿ ಬರೆದಿದ್ದರೆ ಆ ಕಲಾವಿದರ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕವೂ ಇದೆ ಎಂದು ಧೈರ್ಯವಾಗಿ ಹೇಳಬಹುದು. ಬಟ್ಟೆಯ ಮೇಲೆಯೇ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಸಹಿ ಹಾಕಿದ್ದರೆ, ಆ ಶಾಯಿ ಕೆಲವು ವರ್ಷದಲ್ಲಿ ಮುಂದಿನ ತಿಳಿ ಬಣ್ಣದೊಳಗಿಂದ ಇಣುಕುವ ಸಾಧ್ಯತೆ ಇದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಚಿತ್ರದ ಮುಖವನ್ನು ಕಲಿಸುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆನ್ನಿನ ವಿಷಯ ಹೇಳುವವರು ಕಡಿಮೆ. ಕಲಾವಿದರ ಬದುಕು ನಿಂತಿರುವುದು ಹೆಚ್ಚಾಗಿ ಆ ಬೆನ್ನಿನ ಮೇಲೆಯೇ. ಅದಕ್ಕೇ ಈ ಬರಹ.

ನಾವು ಕನ್ನಡದಲ್ಲಿ ಚಿತ್ರ ‘ಬರೆಯುತ್ತೇವೆ’. ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ಬೆಳಗಿನ ರೈಲು ಹತ್ತಿ ಮೈಸೂರಿಗೆ ಕಲಿಯಲು ಬರುವ ಮಕ್ಕಳ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆಯೂ ಅದೇ ಮಾತಿನಲ್ಲಿರುತ್ತದೆ: ‘ಚಿತ್ರ ಬರ್ಕೊಂಡ್ ಕೂತ್ರೆ ಹೊಟ್ಟೆ ತುಂಬ್ತದಾ?’ ಗದ್ದೆಯಲ್ಲಿ ಕಬ್ಬು ಹಾಕಿ ಕಾರ್ಖಾನೆಯ ದುಡ್ಡಿಗೆ ತಿಂಗಳುಗಟ್ಟಲೆ ಕಾಯ್ದವರು ಕೇಳುವ ಪ್ರಶ್ನೆ ಅದು. ಅದಕ್ಕೆ ‘ಕಲೆ ದೊಡ್ಡದು, ಶ್ರದ್ಧೆ ಇದ್ದರೆ ಸಾಕು’ ಎಂದು ಉತ್ತರ ಕೊಡುವುದು ಸರಿಯಲ್ಲ. ಲೆಕ್ಕದಲ್ಲಿ ಕೇಳಿದವರಿಗೆ ಲೆಕ್ಕದಲ್ಲೇ ಹೇಳಬೇಕು.

ಒಂದು ಉದಾಹರಣೆ ಹಾಕಿ ನೋಡೋಣ. ಊಟ, ಬಾಡಿಗೆ, ಬಣ್ಣ, ಕ್ಯಾನ್ವಾಸು ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,60,000. ವರ್ಷದಲ್ಲಿ 24 ಚಿತ್ರ ಬರೆದು ಅದರಲ್ಲಿ 8 ಮಾರಾಟವಾದವು ಎನ್ನೋಣ. ಹೊಸಬರಿಗೆ ಇದು ಕೆಟ್ಟ ವರ್ಷವೇನಲ್ಲ. ಒಂದೊಂದು ಚಿತ್ರದಿಂದ ಕೈಗೆ 45,000 ಬರಬೇಕು. ಗ್ಯಾಲರಿಯ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 30ರಿಂದ 50. ನಡುವೆ 40 ಹಿಡಿದರೆ ಚೀಟಿಯ ಮೇಲಿನ ಬೆಲೆ 75,000 ಆಗಬೇಕು. ಈಗ ತಾನೇ ಕಾಲೇಜು ಮುಗಿಸಿದವರ 30×36 ಇಂಚಿನ ಚಿತ್ರಕ್ಕೆ ಆ ಬೆಲೆ ಯಾರೂ ಕೊಡುವುದಿಲ್ಲ. ಚದರ ಇಂಚಿಗೆ 20 ರೂಪಾಯಿಯಂತೆ ಹಿಡಿದರೆ 1,080 ಚದರ ಇಂಚಿಗೆ 21,600. ಕಮಿಷನ್ ಕಳೆದು ಕೈಗೆ 12,960. ಎಂಟು ಚಿತ್ರಕ್ಕೆ 1,03,680. ಉಳಿದ 2,56,320 ರೂಪಾಯಿ, ಅಂದರೆ ತಿಂಗಳಿಗೆ 21,360, ಬೇರೆ ಕೆಲಸದಿಂದ ಬರಬೇಕು.

ಈ ಕೊರತೆ ಸೋಲಲ್ಲ. ಮೊದಲ ಹತ್ತು ವರ್ಷ ಹೆಚ್ಚಿನವರ ಲೆಕ್ಕ ಹೀಗೇ ಇರುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡು, ಯಾವ ಕೆಲಸದಿಂದ ತುಂಬಿಸುತ್ತೇನೆ ಎಂದು ಯೋಚಿಸಿಟ್ಟುಕೊಂಡವರು ಉಳಿಯುತ್ತಾರೆ. ‘ಒಂದು ಒಳ್ಳೆ ಪ್ರದರ್ಶನ ಆದರೆ ಎಲ್ಲ ಸರಿಹೋಗುತ್ತೆ’ ಎಂದು ಕಾದವರು ಮೂರನೇ ವರ್ಷಕ್ಕೆ ಕುಂಚ ಕೆಳಗಿಡುತ್ತಾರೆ.

ಕಲಿಯುವ ವಿಷಯಕ್ಕೆ ಬರೋಣ. ಪಿಯುಸಿ ಆದ ಮೇಲೆ ದೃಶ್ಯಕಲೆಯ ಪದವಿ 4 ವರ್ಷ, ಆಮೇಲೆ ಸ್ನಾತಕೋತ್ತರ 2 ವರ್ಷ. ಮೈಸೂರಿನಲ್ಲಿ ‘ಕಾವಾ’ ಎಂದರೆ ಆಟೋದವರಿಗೂ ಗೊತ್ತು. ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ಬೇರು ಅರಸರ ಕಾಲದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್ (ಅಚ್ಚುಚಿತ್ರ), ಅನ್ವಯಿಕ ಕಲೆ, ಛಾಯಾಚಿತ್ರ ಹೀಗೆ ವಿಭಾಗಗಳು ಬೇರೆಬೇರೆ. ಆಯ್ಕೆ ಮಾಡುವಾಗ ಹುಡುಗರು ಚಿತ್ರಕಲೆಯ ಕಡೆಗೇ ನುಗ್ಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಗ್ರಾಫಿಕ್ಸ್ ವಿಭಾಗಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಗುತ್ತಿಲ್ಲ. ಎಚ್ಚಿಂಗ್, ಮರದಚ್ಚು, ಲಿಥೋಗ್ರಾಫ್ ಕಲಿತವರು ಒಂದೇ ಫಲಕದಿಂದ 20 ಪ್ರತಿ ತೆಗೆದು, ಪ್ರತಿಯೊಂದಕ್ಕೂ 3/20, 4/20 ಎಂದು ಸಂಖ್ಯೆ ಹಾಕಿ, ಮಧ್ಯಮ ವರ್ಗದವರ ಕೈಗೆಟುಕುವ ಬೆಲೆಗೆ ಮೂಲ ಕೃತಿಯನ್ನೇ ಕೊಡಬಹುದು. ರವಿವರ್ಮರ ದೇವತೆಗಳು ಅರಮನೆ ಬಿಟ್ಟು ನಮ್ಮ ಅಜ್ಜಿಯಂದಿರ ದೇವರ ಮನೆಗೆ ಬಂದದ್ದೂ 1894ರಲ್ಲಿ ಶುರುವಾದ ಅಚ್ಚಿನ ಪ್ರೆಸ್ಸಿನಿಂದಲೇ.

ಯಾವ ವಿಭಾಗವಾದರೂ ರೇಖೆ ತಪ್ಪುವಂತಿಲ್ಲ. ದಿನಕ್ಕೆ ಒಂದು ಗಂಟೆ ಸಾಕು, ಆದರೆ ದಿನವೂ ಆಗಬೇಕು. ಮೊದಲ ಇಪ್ಪತ್ತು ನಿಮಿಷ ಒಂದೊಂದು ನಿಮಿಷದ ಚುರುಕು ರೇಖೆಗಳು, ಆಮೇಲೆ ನಲವತ್ತು ನಿಮಿಷ ಒಂದೇ ವಸ್ತು. ಬೆಳಿಗ್ಗೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತರೆ ಇದಕ್ಕಿಂತ ಒಳ್ಳೆಯ ತರಗತಿ ಸಿಗುವುದಿಲ್ಲ. ಮಾಲೆ ಕಟ್ಟುವವರ ಬೆರಳು ಒಂದು ಕ್ಷಣವೂ ನಿಲ್ಲುವುದಿಲ್ಲ, ಮೊಣಕೈ ಮಾತ್ರ ಮೊಣಕಾಲಿನ ಮೇಲೆ ಕದಲದೆ ಊರಿರುತ್ತದೆ. ಆ ಊರಿದ ಬಿಂದುವನ್ನು ಮೊದಲು ಹಿಡಿದರೆ ಉಳಿದ ಮೈ ತಾನಾಗಿ ಕೂರುತ್ತದೆ. ಮೊಬೈಲಿನ ಫೋಟೋ ನೋಡಿ ಬರೆಯುವವರಿಗೆ ಸಿಗದೇ ಹೋಗುವುದು ಇದೇ. ಫೋಟೋದಲ್ಲಿ ಬೆರಳೂ ಮೊಣಕೈಯೂ ಒಂದೇ ಥರ ನಿಂತಿರುತ್ತವೆ, ಭಾರ ಎಲ್ಲಿ ಬಿದ್ದಿದೆ ಎಂದು ತಿಳಿಯುವುದಿಲ್ಲ.

ಇನ್ನು ಸಾಮಗ್ರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಕೊಂಡವರು ಐದು ವರ್ಷದ ಮೇಲೆ ಫೋನು ಮಾಡಿ ‘ಬಣ್ಣ ಸಿಪ್ಪೆ ಎದ್ದಿದೆ’ ಎಂದರೆ ಅಲ್ಲಿಗೆ ಆ ಕಲಾವಿದರ ಹೆಸರು ಹೋಯಿತು.

24×36 ಇಂಚಿನ ಕ್ಯಾನ್ವಾಸನ್ನು ನೀವೇ ಕಟ್ಟುವುದಾದರೆ ಬಟ್ಟೆಯನ್ನು ನಾಲ್ಕೂ ಕಡೆ 3 ಇಂಚು ಹೆಚ್ಚು ಬಿಟ್ಟು 30×42ಕ್ಕೆ ಕತ್ತರಿಸಿ. ಮರದ ಪಟ್ಟಿ ಒಣಗಿದ್ದಾಗಿರಬೇಕು. ಹಸಿ ಮರದಲ್ಲಿ ಮಾಡಿಸಿದರೆ ಬೇಸಿಗೆ ಕಳೆಯುವಷ್ಟರಲ್ಲಿ ತಿರುಚಿಕೊಂಡು ಒಂದು ಮೂಲೆ ಗೋಡೆಯಿಂದ ಎದ್ದು ನಿಲ್ಲುತ್ತದೆ. ಪಟ್ಟಿಯ ಒಳಗಿನ ಅಂಚನ್ನು ಬಡಗಿಗೆ ಹೇಳಿ ಇಳಿಜಾರಾಗಿ ಕೆತ್ತಿಸಿ. ಬಟ್ಟೆ ಹೊರ ಅಂಚಿಗೆ ಮಾತ್ರ ತಾಗಬೇಕು, ಇಲ್ಲದಿದ್ದರೆ ಬಣ್ಣ ಹಚ್ಚುವಾಗ ಒಳಗಿನ ಮರದ ಗೆರೆ ಚಿತ್ರದ ಮೇಲೆ ಮೂಡಿ ಕೂರುತ್ತದೆ. ಪಟ್ಟಿ ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ: ಎರಡು ಕರ್ಣವೂ 43 ಕಾಲು ಇಂಚು ಬಂದರೆ ಚೌಕ ಸರಿ ಇದೆ. ಪಿನ್ನು ಹೊಡೆಯುವುದು ನಾಲ್ಕು ಬದಿಯ ನಡುವಿನಿಂದ. ಒಂದು ಬದಿಗೆ ಹೊಡೆದರೆ ಮುಂದಿನದು ಅದರ ಎದುರು ಬದಿಗೆ. ಹಾಗೆ ಎರಡೆರಡು ಇಂಚಿಗೊಂದರಂತೆ ಮೂಲೆಯ ಕಡೆಗೆ ಸಾಗಬೇಕು. ಮೂಲೆಯಿಂದ ಶುರುಮಾಡಿದವರಿಗೆ ನಡುವೆ ಸುಕ್ಕು ಖಾತ್ರಿ. 36 ಇಂಚು ದಾಟಿದರೆ ನಡುವೆ ಅಡ್ಡಪಟ್ಟಿ ಬೇಕೇ ಬೇಕು.

ಬಟ್ಟೆಗೆ ನೇರವಾಗಿ ತೈಲವರ್ಣ ಹಚ್ಚಬಾರದು. ಅಗಸೆ ಎಣ್ಣೆ ಹತ್ತಿಯ ನಾರಿಗೆ ಇಳಿದರೆ ಬಟ್ಟೆ ಕಂದಾಗಿ, ಕಡೆಗೆ ಹಪ್ಪಳದಂತೆ ಮುರಿಯುತ್ತದೆ. ಅಕ್ರಿಲಿಕ್ ಪ್ರೈಮರನ್ನು ತೆಳುವಾಗಿ ಮೂರು ಸಲ ಹಚ್ಚಿ. ಮೊದಲನೆಯದು ಅಡ್ಡ, ಎರಡನೆಯದು ಉದ್ದ, ಮೂರನೆಯದು ಮತ್ತೆ ಅಡ್ಡ. ನಡುವೆ 220 ನಂಬರಿನ ಮರಳುಕಾಗದದಿಂದ ಹಗುರವಾಗಿ ಉಜ್ಜಿ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಮೂರು ದಿನ ಬಿಟ್ಟು ತೈಲವರ್ಣ ಶುರುಮಾಡಿ, ಆಷಾಢದ ಜಿಟಿಜಿಟಿಯಲ್ಲಿ ಇನ್ನೂ ಎರಡು ದಿನ ಹೆಚ್ಚು.

ತೈಲವರ್ಣದ ಮೇಲ್ಪದರದಲ್ಲಿ ಯಾವಾಗಲೂ ಕೆಳಪದರಕ್ಕಿಂತ ಹೆಚ್ಚು ಎಣ್ಣೆ ಇರಬೇಕು. ಮೊದಲ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಆಮೇಲೆ ಬಣ್ಣ ಇದ್ದ ಹಾಗೆ, ಕೊನೆಗೆ ಎಣ್ಣೆ ಒಂದು ತೊಟ್ಟು ಹೆಚ್ಚು. ಎಣ್ಣೆ ಕಡಿಮೆ ಇದ್ದದ್ದು ಬೇಗ ಗಟ್ಟಿಯಾಗುತ್ತದೆ. ಅದು ಮೇಲಿದ್ದು, ಕೆಳಗಿನದು ಇನ್ನೂ ಅಲುಗುತ್ತಿದ್ದರೆ ಬಿರುಕು ಬಿಡದೆ ವಿಧಿಯಿಲ್ಲ. ಬಣ್ಣಗಳೂ ಒಂದೇ ವೇಗದಲ್ಲಿ ಒಣಗುವುದಿಲ್ಲ: ಕಂದು ಬಣ್ಣದ ಅಂಬರ್ ಒಂದೆರಡು ದಿನಕ್ಕೆ ಒಣಗಿದರೆ ಐವರಿ ಬ್ಲ್ಯಾಕ್ ವಾರ ತಿನ್ನುತ್ತದೆ. ಕಪ್ಪನ್ನು ದಪ್ಪಗೆ ಬಳಿದು ಅದರ ಮೇಲೆ ಅಂಬರ್ ಎಳೆದ ಚಿತ್ರಗಳಲ್ಲಿ ಮೊಸಳೆಯ ಚರ್ಮದಂಥ ಬಿರುಕು ಕಾಣುವುದು ಇದರಿಂದಲೇ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ನಡೆಯುತ್ತದೆ, ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಕೊನೆಯ ವಾರ್ನಿಶ್‌ಗೆ ಕಡಿಮೆ ಎಂದರೂ ಆರು ತಿಂಗಳು ಕಾಯಬೇಕು. ಪ್ರದರ್ಶನ ನಾಳಿದ್ದಿದ್ದರೆ ತಾತ್ಕಾಲಿಕವಾದ ರಿಟಚಿಂಗ್ ವಾರ್ನಿಶ್ ತೆಳುವಾಗಿ ಸಿಂಪಡಿಸಿ ಸುಮ್ಮನಿರಿ. ಅಂದಹಾಗೆ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಜಲವರ್ಣಕ್ಕೆ ಮೈಸೂರಿನವರಿಗೆ ಬೇರೆ ಗುರು ಬೇಡ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಬಹಳ ಜನ ರವಿವರ್ಮರದೆಂದೂ ತೈಲವರ್ಣವೆಂದೂ ತಿಳಿದಿದ್ದಾರೆ. ಅದು ಕಾಗದದ ಮೇಲಿನ ಜಲವರ್ಣ. ತೈಲದಲ್ಲಿ ತಪ್ಪಾದರೆ ಮೇಲೆ ಬಿಳಿ ಹಚ್ಚಿ ತಿದ್ದಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತಾಗದೆ ಉಳಿದ, ಇಲ್ಲವೇ ತೆಳುವಾಗಿ ಮುಚ್ಚಿದ ಕಾಗದ. ದೀಪದ ಸುತ್ತ ಅಡ್ಡ ಹಿಡಿದ ಅಂಗೈಯ ಬೆರಳ ಸಂದಿಯ ಕೆಂಪು, ಗಲ್ಲದ ಕೆಳಗಿನ ಹೊಂಬಣ್ಣ, ಅಲ್ಲಿಂದ ಸೀರೆಯ ಮಡಿಕೆಗಳಲ್ಲಿ ಕತ್ತಲಿಗೆ ಜಾರುವ ಬೆಳಕು, ಇವನ್ನೆಲ್ಲ ಎಲ್ಲಿ ಕೈ ತಡೆಯಬೇಕು ಎಂದು ಮೊದಲೇ ತೀರ್ಮಾನಿಸಿದವರು ಮಾತ್ರ ಬರೆಯಬಲ್ಲರು. ಇದನ್ನು ಅಭ್ಯಾಸ ಮಾಡುವವರು 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ), ಪೂರ್ತಿ ಹತ್ತಿಯ, ಆಮ್ಲವಿಲ್ಲದ ಕಾಗದ ಕೊಳ್ಳಬೇಕು. ಅಗ್ಗದ ಮರದ ತಿರುಳಿನ ಕಾಗದ ಎರಡನೇ ಪದರಕ್ಕೇ ನಯ ಕಳೆದುಕೊಂಡು ಉಂಡೆಯೇಳುತ್ತದೆ, ಕೆಲವು ವರ್ಷಕ್ಕೆ ಹಳದಿಯಾಗುತ್ತದೆ.

ಟ್ಯೂಬಿನ ಮೇಲಿನ ಚಂದದ ಹೆಸರು ನೋಡಿ ಬಣ್ಣ ಕೊಳ್ಳುವ ಅಭ್ಯಾಸ ಬಿಡಿ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ವರ್ಣದ್ರವ್ಯದ ಸಂಕೇತ ಇರುತ್ತದೆ: ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿಡಬ್ಲ್ಯು 6 ಅಂದರೆ ಟೈಟಾನಿಯಂ ಬಿಳಿ, ಇವೆರಡೂ ಬೆಳಕಿಗೆ ಜಗ್ಗುವುದಿಲ್ಲ. ಪಿಆರ್ 83, ಹಳೆಯ ಅಲಿಝರಿನ್ ಕ್ರಿಮ್ಸನ್, ತೆಳುವಾಗಿ ಹಚ್ಚಿದರೆ ಬಿಸಿಲಿಗೆ ಮಾಸುತ್ತದೆ. ಅನುಮಾನವಿದ್ದರೆ ಪರೀಕ್ಷೆ ಸುಲಭ. ಕಾಗದದ ಪಟ್ಟಿಗೆ ಬಣ್ಣ ಹಚ್ಚಿ, ಅರ್ಧ ಭಾಗವನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ, ದಕ್ಷಿಣದ ಕಿಟಕಿಗೆ ಮೂರು ತಿಂಗಳು ಅಂಟಿಸಿಡಿ. ಫಾಯಿಲ್ ತೆಗೆದಾಗ ಎರಡು ಭಾಗಕ್ಕೂ ವ್ಯತ್ಯಾಸ ಕಂಡರೆ ಆ ಟ್ಯೂಬನ್ನು ಮಾರುವ ಚಿತ್ರಕ್ಕೆ ಬಳಸಬೇಡಿ.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಕಲಿಯುವವರಿಗೆ ಇಲ್ಲಿ ಖಾಯಂ ಬೇಡಿಕೆ ಇದೆ. ದೇವರ ಮನೆಗೆ, ಮದುವೆಯ ಉಡುಗೊರೆಗೆ, ಹೋಟೆಲುಗಳಿಗೆ ಜನ ಕೇಳಿಕೊಂಡು ಬರುತ್ತಾರೆ. ತಂಜಾವೂರಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಉಬ್ಬಿನಲ್ಲಿದೆ: ಅಲ್ಲಿ ಉಬ್ಬು ದಪ್ಪ, ಕಲ್ಲು ಕೂರಿಸುತ್ತಾರೆ; ಇಲ್ಲಿ ಜೆಸ್ಸೊ ಕೆಲಸ ಕೂದಲೆಳೆಯಂತೆ, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಬಿಳಿ ಪುಡಿ, ಗೋಂದು, ರೇವಲಚಿನ್ನಿ ಎಂಬ ಹಳದಿ ಮರದಂಟು ಸೇರಿಸಿ ಅರೆದ ಜೆಸ್ಸೊವನ್ನು ಸಣ್ಣ ಕುಂಚದಿಂದ ಎಳೆದು, ಒಣಗಿದ ಮೇಲೆ ಚಿನ್ನದ ರೇಕು ಕೂರಿಸಿ, ಆಮೇಲೆ ಬಣ್ಣ, ಕಡೆಗೆ ಸಣ್ಣ ರೇಖೆ. ಗೋಂದು ಹೆಚ್ಚಾದರೆ ಒಣಗುವಾಗ ಎಳೆದುಕೊಂಡು ಸೀಳುತ್ತದೆ, ಕಡಿಮೆಯಾದರೆ ರೇಕು ಒತ್ತುವಾಗಲೇ ಪುಡಿಯಾಗಿ ಉದುರುತ್ತದೆ. ಹಾಗಾಗಿ ಮೊದಲು ಬೇರೆ ಹಲಗೆಯ ಮೇಲೆ ಒಂದಿಂಚು ಎಳೆದು, ಒಣಗಿಸಿ, ಉಗುರಿನಿಂದ ಕೆರೆದು ನೋಡಬೇಕು. ಹಳೆಯ ಪಾಕದಲ್ಲಿ ಸೀಸದ ಬಿಳಿ ಬಳಸುತ್ತಿದ್ದರು. ಅದು ವಿಷ, ಸತುವಿನ ಬಿಳಿ ಬಳಸಿ. ಹಿತ್ತಾಳೆಯ ರೇಕನ್ನು ಚಿನ್ನವೆಂದು ಕೊಡುವವರು ಇದ್ದಾರೆ. ವರ್ಷ ಕಳೆದರೆ ಅದು ಹಸಿರು ಕಪ್ಪಾಗುತ್ತದೆ, ಆಗ ಕೆಟ್ಟ ಹೆಸರು ಬರುವುದು ಇಡೀ ಮೈಸೂರು ಶೈಲಿಗೆ. ಬಿಲ್ಲಿನಲ್ಲಿ ಯಾವ ರೇಕು ಎಂದು ಬರೆದುಕೊಡುವ ರೂಢಿ ಎಲ್ಲರೂ ಇಟ್ಟುಕೊಂಡರೆ ಈ ಕಲೆಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಈಗ ತಿಂಗಳಿಗೆ ಕೊರತೆ ಬಿದ್ದ ಆ 21,360 ರೂಪಾಯಿಯ ಪ್ರಶ್ನೆ.

ಹೆಚ್ಚಿನವರು ಮೊದಲು ಹಿಡಿಯುವುದು ಮಕ್ಕಳ ಡ್ರಾಯಿಂಗ್ ಕ್ಲಾಸು. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ತಯಾರು ಮಾಡಿಸಿದರೆ ವಾರಾಂತ್ಯದ ಎರಡು ದಿನದಲ್ಲಿ ಮುಗಿಯುತ್ತದೆ, ಉಳಿದ ಐದು ದಿನ ಸ್ವಂತ ಕೆಲಸಕ್ಕೆ. ಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆಯನ್ನೇ ನಂಬಿ ಕೂರುವುದು ಜಾಣತನವಲ್ಲ, ನೇಮಕಾತಿ ಯಾವಾಗ ಬರುತ್ತದೆಂದು ಹೇಳಲಾಗದು. ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೆ ಸ್ನಾತಕೋತ್ತರದ ಜೊತೆ ಯುಜಿಸಿ ನೆಟ್‌ನ ದೃಶ್ಯಕಲೆ ಅಥವಾ ರಾಜ್ಯದ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸು ಮಾಡಬೇಕು. ಅಲ್ಲಿ ಕೇಳುವುದು ಕಲಾ ಇತಿಹಾಸ, ಸೌಂದರ್ಯಶಾಸ್ತ್ರ, ತಾಂತ್ರಿಕ ಪದಗಳು. ಕೈ ಎಷ್ಟು ಚೆನ್ನಾಗಿದ್ದರೂ ಓದದೆ ಆಗುವುದಿಲ್ಲ.

ಗೋಡೆ ಚಿತ್ರದ ಕೆಲಸ ಹೆಚ್ಚುತ್ತಿದೆ. ಚದರ ಅಡಿಯ ಲೆಕ್ಕದಲ್ಲಿ ಮಾತಾಡುವ ಮುಂಚೆ ಗೋಡೆ ಮುಟ್ಟಿ ನೋಡಿ. ಹೊಸ ಸಿಮೆಂಟಿನ ಗೋಡೆಗೆ 28 ದಿನ ಕ್ಯೂರಿಂಗ್ ಆಗದೆ ಬಣ್ಣ ಹಚ್ಚಿದರೆ ಒಳಗಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ, ಉಪ್ಪು ಬಿಳಿ ಹೂವಾಗಿ ಹೊರಬಂದು ಸಿಪ್ಪೆ ಏಳಿಸುತ್ತದೆ. ಕ್ಷಾರ ತಡೆಯುವ ಪ್ರೈಮರ್, ಹೊರಗೋಡೆಯ ಅಕ್ರಿಲಿಕ್ ಎಮಲ್ಶನ್ ಇಲ್ಲದೆ ಕೆಲಸ ಒಪ್ಪಬೇಡಿ. ಕರಡಿನಲ್ಲಿ ಒಂದಿಂಚಿನ ಚೌಕ, ಗೋಡೆಯ ಮೇಲೆ ಒಂದಡಿಯ ಚೌಕ ಹಾಕಿಕೊಂಡರೆ ಅಳತೆ ತಪ್ಪುವುದಿಲ್ಲ. ಗೋಡೆ ಚಿತ್ರಕ್ಕೆ ಎಷ್ಟು ತಾಳ್ಮೆ ಬೇಕು ಎನ್ನುವುದು ತಿಳಿಯಬೇಕಾದವರು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, 1780ರ ಪೊಲ್ಲಿಲೂರು ಯುದ್ಧದ ಚಿತ್ರದ ಎದುರು ಅರ್ಧ ಗಂಟೆ ನಿಲ್ಲಬೇಕು. ನೂರಾರು ಕುದುರೆ, ಸಿಪಾಯಿಗಳಲ್ಲಿ ಪ್ರತಿ ಸಾಲಿಗೂ ಬೇರೆ ಲಯ.

ದಸರಾ ಸಮಯದಲ್ಲಿ ಸ್ತಬ್ಧಚಿತ್ರಗಳಿಗೆ ಕೈ ತುಂಬ ಕೆಲಸ. ಥರ್ಮಾಕೋಲು, ಪ್ಲಾಸ್ಟರ್ ಆಫ್ ಪ್ಯಾರಿಸ್, ಫೈಬರ್, ಕಬ್ಬಿಣದ ಚೌಕಟ್ಟು ಗೊತ್ತಿರುವವರನ್ನು ಹುಡುಕಿಕೊಂಡು ಬರುತ್ತಾರೆ. ರಾತ್ರಿಯೆಲ್ಲ ಕೆಲಸ, ದುಡ್ಡು ಮಾತ್ರ ನಿಧಾನ. ಒಪ್ಪಂದ ಮಾಡಿಕೊಳ್ಳುವಾಗಲೇ ನೂರಕ್ಕೆ 40 ಮುಂಗಡ, 40 ಅರ್ಧ ಕೆಲಸಕ್ಕೆ, 20 ಮುಗಿದ ದಿನ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬಾಯಿ ಮಾತಿನಲ್ಲಿ ಮುಗಿಸಿ ಕೈತೊಳೆದವರಿಗೆ ಸಂಕ್ರಾಂತಿ ಬಂದರೂ ದುಡ್ಡು ಬರುವುದಿಲ್ಲ.

ಶಿಲ್ಪದ ದಾರಿ ಬೇರೆಯೇ. ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆಗೆ ದೇಶದ ತುಂಬ ಬೇಡಿಕೆ ಬಂದಿದೆ. ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಬಾಲರಾಮ 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಮೇಲಂತೂ ಇನ್ನೂ ಹೆಚ್ಚು. ಗ್ರಾನೈಟ್ ಕೆತ್ತುವವರು ನೀರು ಹಾಯಿಸಿ ಕತ್ತರಿಸಬೇಕು, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಎನ್-95ಕ್ಕೆ ಕಡಿಮೆ ಇಲ್ಲದ ಮಾಸ್ಕ್ ಬೇಕು. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದರೆ ತೆಗೆಯುವ ಔಷಧ ಇಲ್ಲ.

ಯಾರ ಕಣ್ಣಿಗೂ ಬೀಳದ ಇನ್ನೊಂದು ಕೆಲಸ ಸಂರಕ್ಷಣೆ. ಹಳೆಯ ಚಿತ್ರಗಳ ಬಿರುಕು, ಬೂಷ್ಟು, ಹುಳದ ರಂಧ್ರಗಳನ್ನು ಸರಿಪಡಿಸುವವರು ಬಹಳ ಕಡಿಮೆ. ಮೈಸೂರಿನಲ್ಲೇ ರಾಷ್ಟ್ರೀಯ ಪ್ರಯೋಗಾಲಯದ ಪ್ರಾದೇಶಿಕ ಸಂರಕ್ಷಣಾ ಕೇಂದ್ರವಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಕೇಂದ್ರವಿದೆ. ರಸಾಯನಶಾಸ್ತ್ರದ ಮೇಲೆ ಸ್ವಲ್ಪ ಪ್ರೀತಿ, ಸ್ವಂತ ಕೈಚಳಕ ತೋರಿಸುವ ಆಸೆ ಅದುಮಿಡುವ ಶಕ್ತಿ, ಇವೆರಡೂ ಇರುವವರಿಗೆ ಇದು ಒಳ್ಳೆಯ ಬದುಕು.

ಹೊಸಬರಿಗೆ ಸರ್ಕಾರದ ನೆರವೂ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25ರ ವಯಸ್ಸಿನವರಿಗೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. 25 ದಾಟಿದವರಿಗೆ ಕಿರಿಯ ಫೆಲೋಶಿಪ್. 1964ರಲ್ಲಿ ಶುರುವಾದ ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೆ ಕೃತಿ ಕಳಿಸುವುದನ್ನು ಯಾರೂ ತಪ್ಪಿಸಬಾರದು. ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಕೆಟ್ಟ ಫೋಟೋದಿಂದ. ಚಿತ್ರವನ್ನು ನೆರಳಿನಲ್ಲಿ, ತೆರೆದ ಆಕಾಶದ ಬೆಳಕಿನಲ್ಲಿ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾದ ಕಣ್ಣು ಚಿತ್ರದ ನಡುಮಧ್ಯಕ್ಕೆ ಸರಿಯಾಗಿ ಬರುವಂತೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚುಗಳು ಬಿಲ್ಲಿನಂತೆ ಬಾಗುತ್ತವೆ. 12ರಿಂದ 15 ಕೃತಿ ಸಾಕು, ಎಲ್ಲವೂ ಒಂದೇ ಹುಡುಕಾಟದ್ದಾಗಿರಲಿ. ಒಂದು ಭಾವಚಿತ್ರ, ಒಂದು ನಿಸರ್ಗ, ಒಂದು ಅಮೂರ್ತ ಎಂದು ಎಲ್ಲವನ್ನೂ ಬಡಿಸಿದರೆ ನೋಡುವವರಿಗೆ ನೀವು ಯಾರೆಂದು ತಿಳಿಯುವುದಿಲ್ಲ.

ಮಾರುವ ವಿಷಯದಲ್ಲಿ ಮುಖ್ಯವಾದ ಮಾತು, ಮನೆಯಲ್ಲೂ ಗ್ಯಾಲರಿಯಲ್ಲೂ ಬೆಲೆ ಒಂದೇ ಇರಬೇಕು. ‘ನೇರ ಬನ್ನಿ, ಕಮಿಷನ್ ಉಳಿಸಿ ಕೊಡ್ತೀನಿ’ ಎಂದವರನ್ನು ಯಾವ ಗ್ಯಾಲರಿಯೂ ಎರಡನೇ ಸಲ ಕರೆಯುವುದಿಲ್ಲ, ಮೊದಲು ಪೂರ್ತಿ ಬೆಲೆ ಕೊಟ್ಟವರಿಗೂ ಮೋಸವಾದಂತೆ. ಚದರ ಇಂಚಿನ ಲೆಕ್ಕ ನಡು ಅಳತೆಗೆ ಸರಿ. ತೀರ ಸಣ್ಣ ಚಿತ್ರಕ್ಕೆ ದುಡಿದ ಹೊತ್ತಿಗೂ ಸಾಲದು, 48×60 ಇಂಚಿಗೆ ಹಾಕಿದರೆ ಬೆಲೆ ಮೇಲೆ ಹಾರಿಬಿಡುತ್ತದೆ. ಅಲ್ಲಿ ದರ ಸ್ವಲ್ಪ ಇಳಿಸಿ. ವರ್ಷಕ್ಕೊಮ್ಮೆ, ಬೇಡಿಕೆ ನೋಡಿ, ನೂರಕ್ಕೆ ಹತ್ತರಷ್ಟು ಏರಿಸಬಹುದು. ಏರಿಸಿದ ಬೆಲೆಯನ್ನು ಮತ್ತೆ ಇಳಿಸಬಾರದು.

ಚಿತ್ರಸಂತೆಗೆ ಹೋಗುವವರ ಲೆಕ್ಕ ಬೇರೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯಲ್ಲಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಒಂದು ದಿನದ ಸಂತೆ ಅದು. ಕೊಳ್ಳುವವರು ಕೈಯಲ್ಲಿ ಹಿಡಿದು ಬಸ್ಸು ಹತ್ತಬಹುದಾದ ಅಳತೆ ಮೊದಲು ಖಾಲಿಯಾಗುತ್ತದೆ. ಮೂರು ಅಳತೆಯ ಕೃತಿ, ರಟ್ಟಿನ ಕೊಳವೆ, ಬಿಲ್ ಪುಸ್ತಕ, ಸ್ಕ್ಯಾನ್ ಮಾಡುವ ಚೀಟಿ, ತಲೆಗೆ ನೆರಳು ಇಷ್ಟು ಇಟ್ಟುಕೊಂಡು ಮುಂಜಾನೆಯೇ ತಲುಪಿ. ಕೊಂಡವರ ಹೆಸರು, ಫೋನು ಬರೆದಿಟ್ಟುಕೊಳ್ಳಿ. ಮುಂದಿನ ಪ್ರದರ್ಶನಕ್ಕೆ ಬರುವವರು ಅವರೇ.

ಕಾನೂನಿನ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೀವಾಗಿ ಬರೆದ ಚಿತ್ರ ಮಾರಿದರೂ ಅದರ ಕೃತಿಸ್ವಾಮ್ಯ ನಿಮ್ಮದೇ, ನಿಮ್ಮ ನಂತರವೂ 60 ವರ್ಷ. ಆದರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದಾಗುತ್ತದೆ. ಕ್ಯಾಲೆಂಡರಿಗೆ ಹಾಕಿದರೂ ಕೇಳುವಂತಿಲ್ಲ. ಹಾಗಾಗಿ ಆರ್ಡರ್ ತೆಗೆದುಕೊಳ್ಳುವಾಗಲೇ ‘ಕೃತಿಸ್ವಾಮ್ಯ ಕಲಾವಿದರದ್ದು’ ಎಂಬ ಒಂದು ಸಾಲು ಬರೆಸಿ ಎರಡೂ ಕಡೆಯ ಸಹಿ ಹಾಕಿಸಿ. ಕಾಯ್ದೆಯ 53ಎ ಕಲಮಿನ ಪ್ರಕಾರ ಮೂಲ ಚಿತ್ರವೊಂದು 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಮೊದಲ ಹಕ್ಕುದಾರರಾದ ಕಲಾವಿದರಿಗೂ ಅದರಲ್ಲಿ ಪಾಲು ಕೇಳುವ ಹಕ್ಕಿದೆ. ಕೇಳಬೇಕಾದರೆ ಯಾವ ಚಿತ್ರ, ಯಾವಾಗ, ಯಾರಿಗೆ, ಎಷ್ಟಕ್ಕೆ ಎಂಬ ದಾಖಲೆ ನಿಮ್ಮ ಬಳಿ ಇರಬೇಕು. ಮತ್ತೆ ಆ ಲೆಕ್ಕದ ಪುಸ್ತಕಕ್ಕೇ ಬಂದೆವು. ಪ್ರತಿ ಕೃತಿಗೂ ಒಂದು ಸಂಖ್ಯೆ, ಉದಾಹರಣೆಗೆ 2025-07 ಅಂದರೆ ಆ ವರ್ಷದ ಏಳನೆಯದು. ಅದೇ ಸಂಖ್ಯೆ ಚಿತ್ರದ ಬೆನ್ನ ಮೇಲೆ, ಫೋಟೋದ ಹೆಸರಿನಲ್ಲಿ, ಬಿಲ್ಲಿನಲ್ಲಿ.

ಮಾರಿದ ಚಿತ್ರ ಕಳಿಸುವಾಗ ಬಣ್ಣದ ಮೇಲೆ ಮೊದಲು ನುಣುಪಾದ ಗ್ಲಾಸಿನ್ ಕಾಗದ, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ಶೀಟ್. ಗುಳ್ಳೆ ಒಳಗೆ ಹೋದರೆ ಬಿಸಿಲಿಗೆ ಬಣ್ಣದ ಮೇಲೆ ಉಂಗುರದ ಗುರುತು ಬೀಳುತ್ತದೆ. ಮೂಲೆಗಳಿಗೆ ರಟ್ಟಿನ ಟೋಪಿ, ಎರಡು ಕಡೆ ಪ್ಲೈವುಡ್. ಸುತ್ತಿ ಕಳಿಸಲೇಬೇಕಾದರೆ ಕಡಿಮೆ ಎಂದರೂ 4 ಇಂಚು ವ್ಯಾಸದ ಪಿವಿಸಿ ಪೈಪಿಗೆ, ಬಣ್ಣ ಹೊರಮುಖ ಮಾಡಿ ಸುತ್ತಬೇಕು. ಒಳಮುಖ ಸುತ್ತಿದರೆ ಬಣ್ಣದ ಪದರ ಮಡಿಕೆ ಬಿದ್ದು ಬಿಚ್ಚಿದಾಗ ಎದ್ದುಬರುತ್ತದೆ. ಜೊತೆಗೆ ಕೊಂಡವರಿಗೆ ಒಂದು ಚೀಟಿ ಇಡಿ: ಪಶ್ಚಿಮದ ಕಿಟಕಿಯ ಎದುರು ತೂಗುಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮಳೆಗಾಲದಲ್ಲಿ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲು ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ. ಬಟ್ಟೆ ಸಡಿಲವಾದಂತೆ ಕಂಡರೆ ಹಿಂದಿನ ಬೆಣೆಗಳನ್ನು ಸಣ್ಣ ಸುತ್ತಿಗೆಯಿಂದ ಒಂದೊಂದೇ ಏಟು, ನಾಲ್ಕೂ ಮೂಲೆಗೆ ಸಮನಾಗಿ ತಟ್ಟಿ. ಗೊತ್ತಾಗದಿದ್ದರೆ ಈ ನಂಬರಿಗೆ ಫೋನು ಮಾಡಿ.